ಎಲ್ಲೆಕರುಪ್ಪನ ಮೊಟ್ಟೆ

ಆ ಮಂಗಳವಾರ ಬೆಳಿಗ್ಗೆ ವಳ್ಳಿಯ ಮಡಕೆಯಲ್ಲಿ ಮೊಟ್ಟೆ ಒಡೆಯಿತು.

ಸದ್ದೇನೂ ದೊಡ್ಡದಲ್ಲ, ಟಪ್ ಎಂದಿತು ಅಷ್ಟೆ. ಜಗಲಿಯಲ್ಲಿ ಕೂತು ಸಜ್ಜೆ ಕೇರುತ್ತಿದ್ದ ಅತ್ತೆ ಕಾಮಾಕ್ಷಿಯಮ್ಮಾಳ್ ಮೊರ ಕೆಳಗಿಟ್ಟಳು. ಎದುರು ನಿಂತು ಕೂಗಿದರೂ ಕೇಳಿಸುವುದಿಲ್ಲ ಎನ್ನುವ ಆ ಮುದುಕಿಗೆ ಸೊಸೆಯ ಒಲೆಯ ಸದ್ದು ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ.

“ಯಾರ್ದು ಒಡೀತು?”

“ಬಾವಂದು, ಅತ್ತೆ. ಒಂದು ಗೀಟಿಂದು.”

“ಸರ್ಯಾಗಿ ನೋಡು.”

ವಳ್ಳಿ ಸೌಟಿನಲ್ಲಿ ಎತ್ತಿ ನೋಡಿದಳು. ಚಿಪ್ಪಿನ ಉದ್ದಕ್ಕೂ ಬಿರುಕು. ಬಿಳಿಯದು ಹೊರಗೆ ಬಂದು ಜೋಲುತ್ತಿತ್ತು. ಇನ್ನು ಸರಿಯಾಗಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಮಲೆ ಏರುವ ಗಾಡಿಗಳಿಗೆ ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಗೂಡಲೂರು ದಾಟಿ ಘಟ್ಟ ಶುರುವಾಗುವಲ್ಲಿ ಎಲ್ಲೆಕರುಪ್ಪನ ಕಲ್ಲಿದೆ. ಮೇಲಕ್ಕೆ ಹೋಗುವ ಪ್ರತಿ ಗಂಡಸಿಗೂ ಒಂದೊಂದು ಮೊಟ್ಟೆ ಬೇಯಿಸಿ ಆ ಕಲ್ಲಿನ ಮುಂದೆ ಇಟ್ಟು ಹೋಗಬೇಕು. ಯಾರ ಮೊಟ್ಟೆ ಯಾವುದೆಂದು ತಿಳಿಯಲು ಅಗಸರು ಬಟ್ಟೆಗೆ ಗುರುತು ಹಾಕುವ ಗೇರುಕಾಯಿಯ ಮಸಿಯಿಂದ ಗೀಟು ಎಳೆಯುತ್ತಿದ್ದರು. ಹಿರಿಯನಿಗೆ ಒಂದು, ಕಿರಿಯನಿಗೆ ಎರಡು. ಬೇಯುವಾಗ ಒಡೆದರೆ ಆ ಮೊಟ್ಟೆಯವನು ಆ ವಾರ ಘಟ್ಟ ಹತ್ತುವಂತಿಲ್ಲ. ‘ಕರುಪ್ಪ ತಡೆದ’ ಎನ್ನುತ್ತಿದ್ದರು. ಎರಡನೆಯ ಮೊಟ್ಟೆ ಇಡುವ ಮಾತೇ ಇಲ್ಲ.

ಮಡಕೆ ಮುಟ್ಟುವವಳು ಮುತ್ತೈದೆಯಾಗಿರಬೇಕು. ಕಾಮಾಕ್ಷಿಯಮ್ಮಾಳ್ ಗಂಡನನ್ನು ಕಳೆದುಕೊಂಡು ಹತ್ತು ವರ್ಷ. ಹಿರಿಯ ಸೊಸೆ ಪೊನ್ನಮ್ಮಾಳ್ ಹಸಿ ಬಾಣಂತಿ, ಮಗುವಿಗೆ ಮೂರು ತಿಂಗಳು ತುಂಬುವ ತನಕ ಅವಳೂ ಮುಟ್ಟುವಂತಿಲ್ಲ. ಹಾಗಾಗಿ ಕೆಲಸ ವಳ್ಳಿಯ ತಲೆಗೆ ಬಂತು. ಅವಳು ಬೋಡಿ ಕಡೆಯ ಹುಡುಗಿ, ಕಿರಿಯವನಾದ ಕಾಳಿಮುತ್ತುವಿನ ಕೈಹಿಡಿದು ಈ ಮನೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ.

ಹಿರಿಯ ಮಗ ರಾಮರ್ ಎತ್ತಿಗೆ ನೊಗ ಕಟ್ಟುತ್ತಿದ್ದವನು ಬಿಚ್ಚಿಬಿಟ್ಟ.

“ಬುಡವ್ವ. ಒಂದು ವಾರ ತಾನೆ.”

“ಒಂದು ವಾರ ತಾನೆ! ಮಲೆ ಮ್ಯಾಲೆ ಅಣೆ ಕಟ್ಟೋರು ನಿಂಗೆ ಅಂತ ಕಲ್ಲು ಎತ್ತಿಡದೆ ಕಾಯ್ತಾ ಕೂತಿರ್ತಾರಾ? ಕಂಗಾಣಿ ಇನ್ನೊಂದು ಗಾಡಿ ನೋಡ್ಕತಾನೆ. ಆಮ್ಯಾಕೆ ಸಜ್ಜೆ ಕೂಳೇ ಗತಿ.”

ಅದು ನಿಜವೇ. ಮಲೆಯ ಆಚೆ ಹರಿಯುವ ಹೊಳೆಗೆ ಅಣೆ ಕಟ್ಟಿ, ಬೆಟ್ಟ ಕೊರೆದು, ನೀರನ್ನು ಈ ಕಣಿವೆಗೆ ತಿರುಗಿಸುತ್ತೇವೆಂದು ದೊರೆಗಳು ಕೆಲಸ ಹಿಡಿದು ಆರೇಳು ವರ್ಷವಾಗಿತ್ತು. ನೀರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಸುಣ್ಣ ಹೊತ್ತು ಹತ್ತುವ ಗಾಡಿಗೆ ಅಕ್ಕಿ ಮಾತ್ರ ವಾರವಾರ ಬರುತ್ತಿತ್ತು. ಗಾಡಿಗಳನ್ನು ಗೊತ್ತು ಮಾಡುವವನು ಉತ್ತಮಪಾಳಯದ ಒಬ್ಬ ಕಂಗಾಣಿ. ಎರಡು ವಾರ ತುಂಬು ಹೇರು ತಪ್ಪಿದರೆ ಮೂರನೆಯ ವಾರ ಅವನು ಬೇರೆ ಮನೆಯ ಬಾಗಿಲು ತಟ್ಟುತ್ತಿದ್ದ. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಕಾಮಾಕ್ಷಿಯಮ್ಮಾಳಿಗೆ ಆ ಅಕ್ಕಿಯ ರುಚಿ ಹತ್ತಿಬಿಟ್ಟಿತ್ತು. ಮುದುಕಿಯನ್ನು ದೂರಿ ಏನು ಫಲ? ಯಾರಿಗೆ ತಾನೆ ಹತ್ತುವುದಿಲ್ಲ?

ಕಾಳಿಮುತ್ತು ಒಬ್ಬನೇ ಅರ್ಧ ಹೇರಿನ ಗಾಡಿ ಹೊಡೆದುಕೊಂಡು ಹೋದ. ಒಳಮನೆಯಲ್ಲಿ ಮಗುವನ್ನು ಮಗ್ಗುಲಿಗೆ ಹಾಕಿಕೊಂಡಿದ್ದ ಪೊನ್ನಮ್ಮಾಳ್, ಗಂಡ ಮನೆಯಲ್ಲೇ ಉಳಿದನೆಂದು ಒಂದಿಷ್ಟು ನಕ್ಕಳು. ಅತ್ತೆಯ ಕಣ್ಣಿಗೆ ಬೀಳದಂತೆ ನಕ್ಕಳು.

ಮುಂದಿನ ಮಂಗಳವಾರ ಎರಡು ಗೀಟಿನ ಮೊಟ್ಟೆ ಒಡೆಯಿತು.

ಈ ಸಲ ಮನೆ ರಣರಂಗವಾಯಿತು.

“ಎಂಥ ಕೈಯೇ ನಿಂದು? ಮುಟ್ಟಿದ್ದೆಲ್ಲ ಒಡೀತದೆ!”

“ನಾನೇನು ಮಾಡ್ಲಿ ಅತ್ತೆ? ನೀರಿಗೆ ಆಕ್ದೆ, ಒಡೀತು.”

“ಪೊನ್ನಮ್ಮ ಎರಡು ವರ್ಷ ಬೇಯಿಸಿದ್ಲು, ಮೂರೇ ಸಲ ಒಡೆದದ್ದು. ನೀನು ಎರಡು ವಾರಕ್ಕೆ ಎರಡು ಒಡ್ದೆ.”

ಕಾಳಿಮುತ್ತು ನಡುವೆ ಬಾಯಿ ಹಾಕಿದ. “ಕರುಪ್ಪ ತಡೆದ್ರೆ ಅವ್ಳು ಏನು ಮಾಡ್ತಾಳವ್ವ?”

“ನೀನು ಸುಮ್ಕಿರ್ಲಾ. ಸಾಮಿ ತಡೆಯೋದು ಬ್ಯಾರೆ, ಕೈ ಕೆಟ್ಟಿರೋದು ಬ್ಯಾರೆ. ಇನ್ನೊಂದು ಸಲ ಒಡೆದ್ರೆ ಇವ್ಳನ್ನ ಬೋಡಿಗೆ ಕಳಿಸ್ತೀನಿ. ಪೊನ್ನಮ್ಮನ ತಂಗಿ ಮನೇಲೇ ಕೂತವ್ಳೆ, ತಂದು ಕಟ್ತೀನಿ.”

ಆ ಮಧ್ಯಾಹ್ನ ಅಂಬಲಿ ಬಡಿಸುವಾಗ ಅತ್ತೆ ವಳ್ಳಿಯ ಬಟ್ಟಲಿಗೆ ಈರುಳ್ಳಿ ಹಾಕಲಿಲ್ಲ. ವಳ್ಳಿ ಕೇಳಲೂ ಇಲ್ಲ. ಬೋಡಿಯಲ್ಲಿ ಅವಳಿಗೆ ಅಪ್ಪನಿಲ್ಲ, ಅಣ್ಣನ ಹೆಂಡತಿಯ ಕೈಯ ಕೂಳು. ವಾಪಸು ಹೋಗುವುದೆಂದರೆ ಆ ಬಾಗಿಲಿಗೇ ಹೋಗಬೇಕು.

ಮಾರನೆಯ ದಿನ ಅವಳು ಮುತ್ತುಮಾರಿಯ ಗುಡಿಸಲಿಗೆ ಹೋದಳು. ಮುತ್ತುಮಾರಿ ಕಳ್ಳಿನಂಗಡಿಗೆ ಮೊಟ್ಟೆ ಬೇಯಿಸಿ ಕೊಡುವ ಮುದುಕಿ. ದಿನಕ್ಕೆ ನೂರು ಬೇಯಿಸುತ್ತಿದ್ದಳು, ಒಡೆದ ಮೊಟ್ಟೆಯನ್ನು ಅಂಗಡಿಯವನು ಮುಟ್ಟುತ್ತಿರಲಿಲ್ಲ. ವಳ್ಳಿ ಕಸ ಗುಡಿಸಿ, ನೀರು ತಂದುಕೊಟ್ಟು, ಆಮೇಲೆ ಮೆಲ್ಲಗೆ ಕೇಳಿದಳು.

“ಅಜ್ಜಿ, ನಿನ್ನ ಮೊಟ್ಟೆ ಎಂಗೆ ಒಡೆಯಲ್ಲ?”

ಮುತ್ತುಮಾರಿ ಎಲೆ ಅಡಿಕೆ ಉಗಿದು ಬಂದು ಕೂತಳು. ಇಂಥ ಪ್ರಶ್ನೆಯನ್ನು ಅವಳಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ.

“ಕೋಳಿ ಕೆಳಗಿಂದ ಆಗ ತಾನೆ ತೆಗ್ದದ್ದು ಆಕ್ಬ್ಯಾಡ, ನಾಕು ದಿನದ್ದು ಇರ್ಲಿ. ಮಡಕೆ ತಳಕ್ಕೆ ಒಂದು ಹಿಡಿ ನೆಲ್ಲುಲ್ಲು ಆಸು, ಮೊಟ್ಟೆ ಅದ್ರ ಮ್ಯಾಲೆ ಮಲಗ್ಲಿ. ತಣ್ಣೀರು ಉಯ್ಯಿ, ಮುಳುಗಿ ಎರಡು ಬೆರಳು ನಿಲ್ಲೋ ಅಷ್ಟು. ಒಂದು ಹಿಡಿ ಉಪ್ಪು. ಕಟ್ಟಿಗೆ ಬ್ಯಾಡ, ಬೆರಣಿ ಆಕು. ನೀರೂ ಮೊಟ್ಟೇನೂ ಒಟ್ಟಿಗೆ ಬಿಸಿ ಆಗ್ಬೇಕು. ಕುದಿ ಬರೋಕೆ ಮುಂಚೆ ಬೆಂಕಿ ಹಿಂದಕ್ಕೆ ಎಳ್ದು, ಮುಚ್ಚಿಟ್ಟುಬುಡು.”

“ಅಷ್ಟೇನಾ?”

“ಅಷ್ಟೇ ಅಲ್ಲ.” ಮುದುಕಿ ತಡಿಕೆಯಲ್ಲಿ ಸಿಕ್ಕಿಸಿದ್ದ ನಿಂಬೆಮುಳ್ಳೊಂದನ್ನು ಎಳೆದಳು. “ಮೊಟ್ಟೇಗೆ ದಪ್ಪ ತಲೆ ಒಂದಿರ್ತದಲ್ಲ, ಅಲ್ಲಿ ಗಾಳಿ ಕೂತಿರ್ತದೆ. ಬಿಸಿ ತಾಗಿದ್ರೆ ಆಚೆ ಬರೋಕೆ ದಾರಿ ನೋಡ್ತದೆ. ದಾರಿ ಇಲ್ದಿದ್ರೆ ಗೋಡೆ ಒಡೀತದೆ. ನೀನೇ ಮುಳ್ಳಲ್ಲಿ ಒಂದು ದಾರಿ ಕೊಟ್ಟುಬುಡು. ಬೆಂದ ಮ್ಯಾಲೆ ಯಾವ ಕಣ್ಣಿಗೂ ಕಾಣಾಕಿಲ್ಲ.”

ಅವಳೇ ಒಂದು ಮೊಟ್ಟೆಗೆ ಚುಚ್ಚಿ ತೋರಿಸಿದಳು. ಮುಳ್ಳು ಒಳಗೆ ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. ವಳ್ಳಿ ಏಳುವಾಗ ಮುದುಕಿ ಅವಳ ಸೆರಗು ಹಿಡಿದಳು.

“ಇದು ಕಳ್ಳಂಗಡಿ ಮೊಟ್ಟೇಗೆ ಯೋಳ್ಕೊಟ್ಟದ್ದು. ಬ್ಯಾರೆ ಯಾವ ಮೊಟ್ಟೇಗೂ ನಾನು ಯೋಳ್ಕೊಟ್ಟಿಲ್ಲ. ಕೇಳ್ತಾ?”

“ಕೇಳ್ತು ಅಜ್ಜಿ.”

ಮೂರನೆಯ ಮಂಗಳವಾರ ಎರಡೂ ಮೊಟ್ಟೆಗಳು ಇಟ್ಟ ಹಾಗೇ ಎದ್ದವು. ಕಾಮಾಕ್ಷಿಯಮ್ಮಾಳ್ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ಅಣ್ಣ ತಮ್ಮ ಇಬ್ಬರೂ ಹೊರಟರು, ಭಾನುವಾರ ಅಕ್ಕಿ ತಂದರು. ಅವತ್ತು ಅನ್ನ, ಹುಣಸೆಹುಳಿ, ಸುಟ್ಟ ಕರಿಮೀನು. ಅತ್ತೆ ವಳ್ಳಿಯ ತಟ್ಟೆಗೆ ಎರಡನೆಯ ಸಲ ಅನ್ನ ಹಾಕಿದಳು.

“ಈ ಸಲ ಕೈ ತೊಳ್ಕೊಂಡು ಇಟ್ಟಂಗೈತೆ,” ಎಂದಳು. ಅವಳ ಬಾಯಲ್ಲಿ ಇದೇ ಹೊಗಳಿಕೆ.

ಹೀಗೆ ವಾರಗಳು ಕಳೆದವು. ವಳ್ಳಿಯ ಮೊಟ್ಟೆ ಒಡೆಯಲೇ ಇಲ್ಲ. ಊರಿನ ಬೇರೆ ಮನೆಗಳಲ್ಲಿ ಎಂದಿನಂತೆ ಆಗೊಂದು ಈಗೊಂದು ಒಡೆಯುತ್ತಿತ್ತು, ಗಂಡಸರು ಒಂದೊಂದು ವಾರ ಮನೆಯಲ್ಲಿ ಕೂರುತ್ತಿದ್ದರು. ಈ ಮನೆಯ ಗಾಡಿ ಮಾತ್ರ ತಪ್ಪದೆ ಹತ್ತುತ್ತಿತ್ತು. ಕಾಮಾಕ್ಷಿಯಮ್ಮಾಳ್ ಬಾವಿಕಟ್ಟೆಯಲ್ಲಿ ಕೊಡ ತುಂಬಿದ ಮೇಲೂ ನಿಂತು ಮಾತಾಡುವುದು ಶುರುವಾಯಿತು. ನಮ್ಮ ಮನೆ ಮೇಲೆ ಕರುಪ್ಪನ ಕಣ್ಣಿದೆ, ನಮ್ಮ ಕಿರಿಸೊಸೆಯ ಕೈ ಅಂಥಾದ್ದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಬೋಡಿಯ ಮಾತು ಮನೆಯಲ್ಲಿ ನಿಂತುಹೋಯಿತು.

ವಳ್ಳಿಗೂ ಖುಷಿಯಾಗಿತ್ತು. ಅದರಲ್ಲಿ ತಪ್ಪೇನು? ನಿಂಬೆಮುಳ್ಳನ್ನು ಒಲೆಯ ಹಿಂದಿನ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಳು. ಮಂಗಳವಾರ ಬೆಳಿಗ್ಗೆ ಅದನ್ನು ಎಳೆಯುವಾಗ ಮಾತ್ರ ಯಾರಾದರೂ ಬಂದರೇ ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಒಂದು ದಿನ ಪೊನ್ನಮ್ಮಾಳ್ ಮಗು ಎತ್ತಿಕೊಂಡು ಅಲ್ಲೇ ನಿಂತಿದ್ದಳು.

“ಏನೇ ಅದು?”

“ಕಾಲಿಗೆ ಮುಳ್ಳು ಚುಚ್ಚಿತ್ತಕ್ಕ, ತೆಗೀತಿದ್ದೆ.”

ಪೊನ್ನಮ್ಮಾಳ್ ಅವಳ ಕಾಲು ನೋಡಿದಳು, ಮಡಕೆ ನೋಡಿದಳು, ಮಗುವಿನ ಮೂಗು ಒರೆಸುತ್ತಾ ಹೋದಳು.

ಮಾಸಿ ತಿಂಗಳ ಬಿಸಿಲು ಏರುವಾಗ ಮಲೆಯಿಂದ ಕಾಯಿಲೆಯ ಸುದ್ದಿ ಇಳಿಯಿತು. ಮೇಲೆ ಕೂಲಿಯವರ ಗುಡಿಸಲುಗಳಲ್ಲಿ ಜನ ಗಡಗಡ ನಡುಗಿ ಮಲಗುತ್ತಿದ್ದಾರಂತೆ. ಒಂದು ದಿನ ಜ್ವರ, ಎರಡು ದಿನ ಬಿಡುವು, ಮತ್ತೆ ಜ್ವರ. ಹೂಳುವುದಕ್ಕೂ ಆಳಿಲ್ಲವಂತೆ. ಪಕ್ಕದ ಬೀದಿಯ ಕಮಲಮ್ಮಾಳ್ ಮಗನನ್ನು ನಾಲ್ಕು ಜನ ಹೊತ್ತು ತಂದರು. ಊರಲ್ಲಿ ಮೊಟ್ಟೆಗಳು ಒಡೆಯತೊಡಗಿದವು. ಒಂದೇ ಮಂಗಳವಾರ ಏಳು ಮನೆಗಳಲ್ಲಿ ಒಡೆದವು. ಒಡೆದ ಮನೆಯ ಹೆಂಗಸರು ನೆಮ್ಮದಿಯ ಉಸಿರು ಬಿಟ್ಟು ಚಿಪ್ಪನ್ನು ತಿಪ್ಪೆಗೆ ಹಾಕಿದರು.

ಗಾಡಿ ಸಾಲದೆ ಕಂಗಾಣಿ ಮನೆಮನೆ ಸುತ್ತಿದ. ಬಂದವರಿಗೆ ಎರಡರಷ್ಟು ಅಕ್ಕಿ ಎಂದ. ವಳ್ಳಿಯ ಮೊಟ್ಟೆಗಳು ಆ ಮಂಗಳವಾರವೂ ಒಡೆಯಲಿಲ್ಲ.

ಆ ಭಾನುವಾರ ಕಾಳಿಮುತ್ತು ಗಾಡಿ ಇಳಿದವನು ಎತ್ತು ಬಿಚ್ಚದೆ ಒಳಗೆ ಬಂದು ಮಲಗಿಬಿಟ್ಟ. ಹಲ್ಲು ಕಟಕಟ ಎನ್ನುತ್ತಿತ್ತು. ಮನೆಯಲ್ಲಿದ್ದ ಕಂಬಳಿಗಳೆಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಅತ್ತೆ ಮೆಣಸಿನ ಕಷಾಯ ಕುಡಿಸಿದಳು. ಸೋಮವಾರ ಬೆಳಿಗ್ಗೆ ಜ್ವರ ಬಿಟ್ಟಿತು. ಅವನು ಎದ್ದು ಕೂತು, ಹಸಿವು ಎಂದ, ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಎರಡು ತಟ್ಟೆ ತಿಂದ.

“ನೋಡು, ಕಲ್ಲುಗುಂಡಿನಂಗವ್ನೆ,” ಎಂದಳು ಕಾಮಾಕ್ಷಿಯಮ್ಮಾಳ್.

ವಳ್ಳಿ ಅವನ ಕಣ್ಣಿನ ಬಿಳಿ ನೋಡಿದಳು. ಅದು ಹಳದಿಗೆ ತಿರುಗಿತ್ತು.

“ಅತ್ತೆ, ನಮ್ಮಪ್ಪನ್ನ ಬೋಡಿಮೆಟ್ಟಿನ ಏಲಕ್ಕಿ ತೋಟದಿಂದ ತಂದಾಗ್ಲೂ ಇಂಗೇ ಇತ್ತು. ಒಂದು ದಿನ ನಡುಗಿ ಎರಡು ದಿನ ಚೆನ್ನಾಗಿದ್ರು. ಚೆನ್ನಾಗವ್ರೆ ಅಂತ ತೋಟಕ್ಕೆ ಓದ್ರು. ಮೂರನೇ ಸಲ ಎದ್ದೇಳ್ಲಿಲ್ಲ.”

“ಅಪಶಕುನ ಆಡ್ಬ್ಯಾಡ.”

“ಈ ವಾರ ಒಂದು ಬ್ಯಾಡ ಅತ್ತೆ. ಬಾವ ಒಬ್ರೇ ಓಗ್ಲಿ.”

ಒಳಮನೆಯಿಂದ ಪೊನ್ನಮ್ಮಾಳ್ ದನಿ ಬಂತು. “ಯಾಕೆ, ನನ್ನ ಗಂಡ ಮಾತ್ರ ಯಾಕೆ ಓಗ್ಬೇಕು?”

“ಯಾರು ಓಗ್ಬೇಕು ಯಾರು ಓಗ್ಬಾರ್ದು ಅಂತ ಯೋಳೋನು ಕರುಪ್ಪ,” ಎಂದು ಅತ್ತೆ ಮಾತು ಮುಗಿಸಿದಳು. “ನಾಳೆ ಮಡಕೆ ಯೋಳ್ತದೆ.”

ಮಡಕೆ ಏನು ಹೇಳುತ್ತದೆಂದು ವಳ್ಳಿಗೆ ಗೊತ್ತಿತ್ತು. ಅವಳು ಹೇಳಿಸಿದ್ದನ್ನೇ ಅದು ಹೇಳುತ್ತಿತ್ತು. ಇಷ್ಟು ದಿನ ಅದೊಂದು ದೊಡ್ಡ ವಿಷಯ ಎಂದು ಅವಳಿಗೆ ಅನ್ನಿಸಿರಲಿಲ್ಲ, ಈಗ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಅವಳು ಒಂದು ಗೀಟಿನ ಮೊಟ್ಟೆಯನ್ನು ಎಂದಿನಂತೆ ಮುಳ್ಳು ಚುಚ್ಚಿ, ಹುಲ್ಲಿನ ಮೇಲೆ ಮಲಗಿಸಿ, ಬೆರಣಿಯ ಬೆಂಕಿಯಲ್ಲಿ ಬೇಯಿಸಿ ಎತ್ತಿಟ್ಟಳು. ಆಮೇಲೆ ಹುಲ್ಲು ತೆಗೆದು ಬಿಸಾಡಿದಳು. ಒಲೆಗೆ ಮೂರು ಕಟ್ಟಿಗೆ ತುರುಕಿದಳು. ನೀರು ಕೊತಕೊತ ಕುದಿಯುವಾಗ, ಆಗ ತಾನೆ ಕೋಳಿ ಇಟ್ಟ ಮೊಟ್ಟೆಯನ್ನು ತಂದು, ಎರಡು ಗೀಟು ಎಳೆದು, ಮೇಲಿಂದ ಕೈಬಿಟ್ಟಳು.

ಟಪ್ ಎಂದಿತು.

ಇಷ್ಟು ಹಿತವಾದ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ.

“ಅತ್ತೆ! ಎರಡು ಗೀಟಿಂದು ಒಡೀತು. ಕರುಪ್ಪ ತಡೆದ!”

ಕಾಮಾಕ್ಷಿಯಮ್ಮಾಳ್ ಬಂದು ಮಡಕೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಒಲೆ ನೋಡಿದಳು. ಮೂಲೆಯಲ್ಲಿ ಬಿದ್ದಿದ್ದ ಒದ್ದೆ ಹುಲ್ಲು ನೋಡಿದಳು.

“ಇಷ್ಟು ದಿನ ಬೆರಣಿ ಬೆಂಕಿ. ಇವತ್ಯಾಕೆ ಕಟ್ಟಿಗೆ?”

ವಳ್ಳಿ ಕಟ್ಟಿಗೆಯನ್ನು ಒಲೆಯಿಂದ ಹೊರಕ್ಕೆ ಎಳೆದಳು.

“ನಿನ್ನ ಕೈಲಿ ಮೊಟ್ಟೆ ಒಡೆಯಲ್ಲ ಅಂತ ಊರಿಗೇ ಗೊತ್ತು. ಬೇಕಂತ ಒಡ್ದಿದ್ದೀಯ. ಸಾಮಿ ಎಸ್ರಲ್ಲಿ ಸುಳ್ಳು ಯೋಳ್ತೀಯಾ?”

“ಔದು ಅತ್ತೆ, ಬೇಕಂತ ಒಡ್ದೆ!” ವಳ್ಳಿ ಅಳುತ್ತಾ ಗೋಡೆಯ ಸಂದಿಯಿಂದ ಮುಳ್ಳು ಎಳೆದು ನೆಲಕ್ಕೆ ಹಾಕಿದಳು. “ಇಷ್ಟು ದಿನ ಒಡೀದೆ ಇದ್ದದ್ದೂ ಬೇಕಂತಲೇ. ಇದ್ರಲ್ಲಿ ಚುಚ್ಚಿ ಬೇಯಿಸ್ತಿದ್ದೆ. ಕರುಪ್ಪ ಒಂದು ದಿನಾನೂ ಏನೂ ಯೋಳಿಲ್ಲ. ನಾನೇ ಅವನ ಬಾಯಿ ಕಟ್ಟಿದ್ದೆ. ನನ್ನ ಬೋಡಿಗೆ ಬೇಕಾದ್ರೂ ಕಳ್ಸಿ, ಅವ್ರನ್ನ ಮಾತ್ರ ಮಲೆಗೆ ಕಳಿಸ್ಬ್ಯಾಡಿ.”

ಮೊದಲು ಬಾಯಿ ಬಿಟ್ಟವಳು ಪೊನ್ನಮ್ಮಾಳ್.

“ಇವತ್ತು ನನ್ನ ಗಂಡನ ಮೊಟ್ಟೇಗೆ ಚುಚ್ಚಿದ್ಯಾ ಇಲ್ವಾ?”

“ಅಕ್ಕ...”

“ಚುಚ್ಚಿದ್ದೀಯ. ನನ್ನ ಗಂಡನ್ನ ಸಾಯೋಕೆ ಕಳ್ಸಿ, ನಿನ್ನ ಗಂಡನ್ನ ಮನೇಲಿ ಇಟ್ಕತೀಯಾ? ಎಂಥ ಹೆಂಗ್ಸೇ ನೀನು!”

ನಿಜವೆಂದರೆ ಅವಳು ಬಾವನ ಜೀವದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮೊಟ್ಟೆ ಎರಡಿದ್ದರೂ ಅವಳ ಕಣ್ಣಿಗೆ ಒಂದೇ ಕಂಡಿತ್ತು.

ರಾಮರ್ ತಲೆ ಕೆರೆದುಕೊಂಡ. “ಅಂಗಾದ್ರೆ ಇಬ್ರೂ ಬ್ಯಾಡ ಬುಡವ್ವ.”

ಅವನ ಮಾತಿಗೆ ಅವ್ವ ಒಪ್ಪಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಕಾಮಾಕ್ಷಿಯಮ್ಮಾಳ್ ಒಂದು ಗಳಿಗೆ ತಡವರಿಸಿದ್ದು ನಿಜ. ಆದರೆ ಬಾವಿಕಟ್ಟೆಯಲ್ಲಿ ಇಷ್ಟು ವಾರ ಆಡಿದ ಮಾತೆಲ್ಲ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಲೆಯ ಹಿಂದಿನ ಮುಳ್ಳನ್ನು ಊರಿಗೆ ಹೇಳುವುದು ಹೇಗೆ?

“ಮುಳ್ಳು ಚುಚ್ಚಿದ್ಲು ಅಂತಲೇ ಇಟ್ಕೊ. ಇವ್ಳ ಕೈಗೆ ಆ ಮುಳ್ಳು ಕೊಟ್ಟೋನು ಯಾರು? ಕರುಪ್ಪನಿಗೆ ಬ್ಯಾಡ ಅಂತಿದ್ರೆ ಮುಳ್ಳು ಮುರೀತಿರ್ಲಿಲ್ವಾ? ಅಷ್ಟು ಸಲ ಓಗಿ ಅಷ್ಟು ಸಲಾನೂ ಬಂದ್ರಲ್ಲ.”

ಕಾಳಿಮುತ್ತು ಜೋರಾಗಿ ನಕ್ಕ. ಜ್ವರ ಬಿಟ್ಟ ಹುಮ್ಮಸ್ಸೋ, ಹೆಂಡತಿಯ ಸೆರಗಿನಲ್ಲಿ ಅಡಗಿದ ಎಂದು ಗಾಡಿಯವರು ಆಡಿಕೊಂಡಾರು ಎಂಬ ಅಂಜಿಕೆಯೋ. ಬಗ್ಗಿ ನೆಲದ ಮೇಲಿನ ಮುಳ್ಳನ್ನು ಎತ್ತಿ ವಳ್ಳಿಯ ಅಂಗೈಯಲ್ಲಿಟ್ಟ.

“ನೀನು ಚುಚ್ಚಿದ್ರಿಂದ ತಾನೆ ಎಲ್ಲಾ ಸಲಾನೂ ಬಂದದ್ದು? ಈ ಸಲಾನೂ ಚುಚ್ಚು. ಬತ್ತೀನಿ.”

“ಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಣ್ಣ ಒಬ್ಬನೇ ಘಟ್ಟದಲ್ಲಿ ತುಂಬಿದ ಗಾಡಿ ಹಿಡಿಯೋಕಾಗಲ್ಲ ಕಣೆ. ಇದೊಂದು ಸಲ. ಬಂದಮ್ಯಾಕೆ ಪಂಗುಣಿ ತಿಂಗಳು ಕಳೆಯೋ ತನಕ ಮನೇಲೇ ಬಿದ್ದಿರ್ತೀನಿ, ನೀನೇ ಓಗು ಅಂದ್ರೂ ಓಗಲ್ಲ.”

ಬೇಕೆಂದು ಒಡೆದದ್ದು ಕರುಪ್ಪನ ಲೆಕ್ಕಕ್ಕಿಲ್ಲ ಎಂದು ಅತ್ತೆ ತೀರ್ಮಾನ ಕೊಟ್ಟಳು. ಅಜ್ಜನ ಕಾಲದಿಂದ ಇಡದ ಎರಡನೆಯ ಮೊಟ್ಟೆ ಅವತ್ತು ಮಡಕೆಗೆ ಬಿತ್ತು. ಅವಳೇ ಕೊಟ್ಟಿಗೆಗೆ ಹೋಗಿ ಒಂದು ಹಿಡಿ ನೆಲ್ಲುಹುಲ್ಲು ತಂದಳು. ತಾನು ಮಡಕೆ ಮುಟ್ಟುವಂತಿಲ್ಲದ್ದರಿಂದ ವಳ್ಳಿಯ ಕೈಗೆ ಕೊಟ್ಟು, “ತಳಕ್ಕೆ ಆಸು,” ಎಂದು ಪಕ್ಕದಲ್ಲೇ ನಿಂತಳು.

ವಳ್ಳಿ ಹಾಸಿದಳು. ದಪ್ಪ ತಲೆಗೆ ಮುಳ್ಳು ಚುಚ್ಚಿದಳು. ಕೈ ನಡುಗಿದ್ದರೆ ಮೊಟ್ಟೆ ಅಲ್ಲೇ ಒಡೆಯುತ್ತಿತ್ತು. ಇಷ್ಟು ವಾರದ ಅಭ್ಯಾಸ, ಹಾಳು ಕೈ ನಡುಗಲೂ ಇಲ್ಲ. ತಣ್ಣೀರು, ಉಪ್ಪು, ಬೆರಣಿ. ಎತ್ತಿದಾಗ ಮೊಟ್ಟೆ ನುಣ್ಣಗೆ ಇಡಿಯಾಗಿತ್ತು. ಒಡೆದ ಮೊಟ್ಟೆಯನ್ನು ಹಾಳು ಮಾಡುವುದೇಕೆ ಎಂದು ಕಾಳಿಮುತ್ತು ಉಪ್ಪು ಹಚ್ಚಿಕೊಂಡು ತಿಂದ. ನೊಗ ಕಟ್ಟಿದರು, ಗಾಡಿ ಹೊರಟಿತು.

ಭಾನುವಾರ ಗಾಡಿ ಬರಲಿಲ್ಲ. ಸೋಮವಾರ ಬರಲಿಲ್ಲ. ಮಂಗಳವಾರ ವಳ್ಳಿ ಗೂಡಲೂರು ದಾಟಿ ಕರುಪ್ಪನ ಕಲ್ಲಿನ ತನಕ ನಡೆದು ಹೋದಳು. ಸಾಮಾನ್ಯವಾಗಿ ಇಟ್ಟ ಮೊಟ್ಟೆಗಳನ್ನು ಮಾರನೆಯ ದಿನವೇ ಕಾಗೆಗಳು ಮುಗಿಸಿರುತ್ತವೆ. ಒಂದು ಗೀಟಿನದರ ಚಿಪ್ಪು ಚೂರಾಗಿ ಬಿದ್ದಿತ್ತು. ಎರಡು ಗೀಟಿನದು ಇಟ್ಟ ಜಾಗದಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲೂ ಇಲ್ಲ.

ಬುಧವಾರ ಹೊತ್ತು ಇಳಿಯುವ ಮುಂಚೆ ಗಾಡಿ ಬಂತು. ರಾಮರ್ ಎತ್ತುಗಳ ಮುಂದೆ ಮೂಗುದಾರ ಹಿಡಿದು ನಡೆದು ಬರುತ್ತಿದ್ದ. ಗಾಡಿಯ ಮೇಲೆ ಯಾರೂ ಕೂತಿರಲಿಲ್ಲ. ವಳ್ಳಿ ಕೊಡ ಹಾಕಿ ಓಡಿದಳು. ಗಾಡಿಯ ತಳದಲ್ಲಿ ದಪ್ಪಗೆ ನೆಲ್ಲುಹುಲ್ಲು ಹಾಸಿ, ಅದರ ಮೇಲೆ ಕಾಳಿಮುತ್ತುವನ್ನು ಮಲಗಿಸಿತ್ತು.

“ಘಟ್ಟದ ರಸ್ತೆ, ಎಲ್ಲಾ ಗುಂಡಿ,” ಎಂದ ರಾಮರ್ ಯಾರ ಮುಖವನ್ನೂ ನೋಡದೆ. “ಅಲುಗಬಾರ್ದು ಅಂತ ತಳಕ್ಕೆ ಉಲ್ಲು ಆಸ್ದೆ. ಮೆಲ್ಲಗೆ ಬಂದೆ. ಕರುಪ್ಪನ ಕಲ್ಲು ತನಕ ಮಾತಾಡ್ತಾ ಇದ್ದ. ಅಲ್ಲಿ ನೀರು ಕೇಳ್ದ, ಕೊಟ್ಟೆ. ಆಮ್ಯಾಕೆ ಏನೂ ಕೇಳ್ಲಿಲ್ಲ.”

ಕಾಮಾಕ್ಷಿಯಮ್ಮಾಳ್ ಬೀದಿಯ ಮಣ್ಣಿನಲ್ಲಿ ಕುಸಿದು ಎದೆ ಬಡಿದುಕೊಂಡಳು. ವಳ್ಳಿ ಗಾಡಿ ಹತ್ತಿ ಗಂಡನ ಮುಖ ಒರೆಸಿದಳು, ಎದೆ ಒರೆಸಿದಳು, ಕೈಕಾಲು ಒರೆಸಿದಳು. ಮೈಮೇಲೆ ಎಲ್ಲೂ ಒಂದು ಗೀರು ಇರಲಿಲ್ಲ.

ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಬೋಡಿಯಿಂದ ಅಣ್ಣ ಬಂದ. ವಳ್ಳಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಜಗಲಿಗೆ ಬಂದಳು. ಅತ್ತೆ ಆ ಗಂಟನ್ನು ಕಸಿದು ಒಳಕ್ಕೆ ಎಸೆದಳು.

“ಯಾರು ನಿನ್ನ ಓಗು ಅಂದ್ರು?”

ಅಷ್ಟೇ ಮಾತು. ಮುಳ್ಳಿನ ಬಗ್ಗೆ ಅವಳು ಮತ್ತೆ ಎತ್ತಲಿಲ್ಲ, ಹುಲ್ಲಿನ ಬಗ್ಗೆ ಯಾರೂ ಅವಳ ಮುಂದೆ ಎತ್ತಲಿಲ್ಲ. ಅಣ್ಣ ಅಂಬಲಿ ಕುಡಿದು ಒಬ್ಬನೇ ವಾಪಸು ಹೋದ. ಮನೆಯಲ್ಲಿ ಮತ್ತೆ ಸಜ್ಜೆಯೇ ಬೇಯುತ್ತಿತ್ತು. ಬಾವಿಗೆ ಕಾಮಾಕ್ಷಿಯಮ್ಮಾಳ್ ಎಲ್ಲರಿಗಿಂತ ಮೊದಲೇ ಹೋಗಿ, ಕೊಡ ತುಂಬಿದ ಕೂಡಲೇ ಬಂದುಬಿಡುತ್ತಿದ್ದಳು.

ಕಂಗಾಣಿ ಬಂದೇ ಬಂದ. ಆದದ್ದು ಆಯಿತು, ಎತ್ತುಗಳು ಸುಮ್ಮನೆ ನಿಂತು ಮೇಯುತ್ತಿವೆಯಲ್ಲ ಎಂದ. ರಾಮರ್ ತಲೆ ಆಡಿಸಿದ. ಮಗು, ಇಬ್ಬರು ಹೆಂಗಸರು, ಅವ್ವ, ಎಲ್ಲರ ಹೊಟ್ಟೆ ಈಗ ಅವನೊಬ್ಬನ ಹೆಗಲ ಮೇಲೆ. ಮಂಗಳವಾರ ಬರುತ್ತೇನೆ ಎಂದ. ಪೊನ್ನಮ್ಮಾಳ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮಗುವಿಗೆ ಮೂರು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಇನ್ನು ಮಡಕೆ ಅವಳದೇ.

ಮಂಗಳವಾರ ಬೆಳಿಗ್ಗೆ ರಾಮರ್ ಕೊಟ್ಟಿಗೆಯ ಮುಂದೆ ಎತ್ತುಗಳಿಗೆ ನೊಗ ಕಟ್ಟುತ್ತಿದ್ದ. ವಳ್ಳಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಕಾಮಾಕ್ಷಿಯಮ್ಮಾಳ್ ಅಲ್ಲೇ ಸಜ್ಜೆ ಕೇರುತ್ತಿದ್ದಳು. ಪೊನ್ನಮ್ಮಾಳ್ ಬಂದು ವಳ್ಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಜಗಳವಾದ ದಿನದಿಂದ ಅವಳು ವಳ್ಳಿಯೊಡನೆ ಮಾತಾಡಿರಲಿಲ್ಲ. ಅವಳ ಅಂಗೈಯಲ್ಲಿ ಒಂದು ಗೀಟಿನ ಮೊಟ್ಟೆ ಇತ್ತು.

“ವಳ್ಳಿ,” ಎಂದಳು. “ಒಡೆಯೋ ಅಂಗೆ ಎಂಗೆ ಬೇಯಿಸೋದು?”

ವಳ್ಳಿ ಅತ್ತೆಯ ಕಡೆ ನೋಡಿದಳು. ಮೊರ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು. ಈ ಸಲ ಮುದುಕಿ ಏನೂ ಕೇಳಿಸಲಿಲ್ಲ ಎನ್ನುವಂತೆ ಕೂತಳು.

“ಇದು ಬ್ಯಾಡಕ್ಕ, ಇದು ಹಳೇದು,” ಎಂದಳು ವಳ್ಳಿ. “ಬಿಳಿ ಕೋಳಿ ಈಗ ತಾನೆ ಇಟ್ಟೈತೆ, ಅದನ್ನ ತಗೊ. ನೀರು ಮೊದ್ಲು ಚೆನ್ನಾಗಿ ಕುದೀಲಿ. ತಳಕ್ಕೆ ಏನೂ ಆಸ್ಬ್ಯಾಡ. ಉಪ್ಪು ಆಕ್ಬ್ಯಾಡ. ಮೊಟ್ಟೇನ ತಣ್ಣೀರಲ್ಲಿ ಅದ್ದಿ ತೆಗ್ದು, ಮ್ಯಾಲಿಂದ ಕೈ ಬುಡು.”

ಪೊನ್ನಮ್ಮಾಳ್ ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಕಾಮಾಕ್ಷಿಯಮ್ಮಾಳ್ ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು. ಸೌದೆಯ ರಾಶಿಯಲ್ಲಿ ಹುಡುಕಿ, ಒಣಗಿದ ಜಾಲಿಯ ದಪ್ಪ ಕೊರಡೊಂದನ್ನು ಎಳೆದುಕೊಂಡು ಒಳಗೆ ಹೋದಳು. ಮಡಕೆ ಮುಟ್ಟುವಂತಿಲ್ಲ, ಒಲೆಗೆ ಅಡ್ಡಿಯಿರಲಿಲ್ಲ. ಹಿರಿಸೊಸೆಯ ಪಕ್ಕ ಕೂತು ಕೊರಡನ್ನು ಬೆಂಕಿಗೆ ನೂಕಿ, ಊದುಗೊಳವೆ ತೆಗೆದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಊದಿದಳು.

ಮಡಕೆಯೊಳಗೆ ಟಪ್ ಎಂದಿತು.

ಪೊನ್ನಮ್ಮಾಳ್ ಬಾಯಿ ತೆರೆಯುವ ಮೊದಲೇ ಕಾಮಾಕ್ಷಿಯಮ್ಮಾಳ್ ಕೊಟ್ಟಿಗೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದಳು:

“ಲೇ ರಾಮರ್! ನೊಗ ಬಿಚ್ಚಲಾ. ಕರುಪ್ಪ ತಡೆದ.”